ಹುತ್ತದ ಮುಂದಿನ ಪ್ರಮಾಣ: ‘ನಾಗಮಂಡಲ’ ಚಲನಚಿತ್ರದಲ್ಲಿ ದಾಂಪತ್ಯ, ತವರು ಮತ್ತು ಸಂಬಂಧಗಳ ಸ್ವರೂಪ

ಟಿ.ಎಸ್. ನಾಗಾಭರಣ ಅವರು ನಿರ್ದೇಶಿಸಿದ ‘ನಾಗಮಂಡಲ’ (1997) ಚಲನಚಿತ್ರವನ್ನು ಕುರಿತು ಮಾತನಾಡುವಾಗಲೆಲ್ಲ ಒಂದು ಪ್ರಶ್ನೆ ಮುಂದೆ ಬರುತ್ತದೆ: ರಾಣಿ ತಪ್ಪಿತಸ್ಥಳೇ, ಅಲ್ಲವೇ? ಹಾವು ಗಂಡನ ರೂಪ ತಾಳಿ ಬಂದುದರಿಂದ ಆಕೆ ವಂಚಿತಳು, ಆದ್ದರಿಂದ ನಿರ್ದೋಷಿ ಎಂಬ ಉತ್ತರವೂ ಸುಲಭವಾಗಿ ದೊರೆಯುತ್ತದೆ. ಈ ಉತ್ತರ ರಾಣಿಯ ಮಾನವನ್ನು ಕಾಪಾಡುವಂತೆ ಕಂಡರೂ ಆಕೆಯ ಅನುಭವವನ್ನು ಅಳಿಸಿಹಾಕುತ್ತದೆ. ಈ ಕಥನದಲ್ಲಿ ದಾಂಪತ್ಯದ್ರೋಹವು ಹಾವು ಬರುವುದಕ್ಕೆ ಮೊದಲೇ, ಬೀಗ ಹಾಕಿದ ಮನೆಯೊಳಗೆ ನಡೆದುಹೋಗಿದೆ. ಹಾವು ತುಂಬುವುದು ಬರಿಯ ಗಂಡನ ಸ್ಥಾನವನ್ನಲ್ಲ, ತವರಿನ ಸ್ಥಾನವನ್ನೂ ತುಂಬುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಿತ್ರಕ್ಕೆ ಆಧಾರವಾದುದು ಗಿರೀಶ ಕಾರ್ನಾಡರ ಅದೇ ಹೆಸರಿನ ನಾಟಕ (1988). ಆ ನಾಟಕಕ್ಕೆ ಆಧಾರವಾದ ಎರಡು ಮೌಖಿಕ ಕಥೆಗಳನ್ನು ಕಾರ್ನಾಡರು ಎ.ಕೆ. ರಾಮಾನುಜನ್ ಅವರಿಂದ ಕೇಳಿದ್ದರು. ಹೆಂಗಸರು ಹೇಳುವ, ಹೆಂಗಸೇ ಕೇಂದ್ರವಾಗಿರುವ ಕಥೆಗಳಲ್ಲಿ ಮದುವೆಯು ಕಥೆಯ ಮುಕ್ತಾಯವಲ್ಲ, ಕಷ್ಟಗಳ ಆರಂಭ ಎಂಬುದನ್ನು ರಾಮಾನುಜನ್ ಗುರುತಿಸಿದ್ದಾರೆ. ರಾಜಕುಮಾರನ ಸಾಹಸಕಥೆ ಮದುವೆಯಲ್ಲಿ ಮುಗಿದರೆ ರಾಣಿಯ ಕಥೆ ಮದುವೆಯ ನಂತರ ತೆರೆದುಕೊಳ್ಳುತ್ತದೆ. ಚಲನಚಿತ್ರವು ಮೂಲಕಥೆಯ ಈ ಗುಣವನ್ನು ಉಳಿಸಿಕೊಂಡಿದೆ.

ರಾಣಿ (ವಿಜಯಲಕ್ಷ್ಮಿ) ಕಾಲಿಡುವ ಮನೆ ಜಾನಪದ ಅಧ್ಯೇತೃವಿಗೆ ವಿಚಿತ್ರವಾಗಿ ತೋರುತ್ತದೆ. ನಮ್ಮ ಗರತಿಯ ಹಾಡುಗಳ ಲೋಕದಲ್ಲಿ ಗಂಡನ ಮನೆ ಎಂದರೆ ಅತ್ತೆ, ಮಾವ, ನಾದಿನಿ, ಮೈದುನರಿಂದ ತುಂಬಿದ ಮನೆ. ಸೊಸೆಯ ನೋವು ಅವರಿಂದ ಹುಟ್ಟುತ್ತದೆ. ಆ ನೋವಿಗೆ ಸಮಾಧಾನ ತವರಿನ ನೆನಪಿನಲ್ಲಿ ಸಿಗುತ್ತದೆ. ಅಪ್ಪಣ್ಣನ (ಪ್ರಕಾಶ್ ರೈ) ಮನೆಯಲ್ಲಿ ಇವರು ಯಾರೂ ಇಲ್ಲ. ಆತ ಮಧ್ಯಾಹ್ನ ಉಣ್ಣಲು ಬರುತ್ತಾನೆ, ಹೊರಗಿನಿಂದ ಬೀಗ ಜಡಿದು ಇನ್ನೊಬ್ಬಳ ಮನೆಗೆ ಹೋಗುತ್ತಾನೆ. ಜಗಳವಾಡಲಿಕ್ಕೂ ಜನರಿಲ್ಲದ ಮನೆಯಿದು. ಕಂಬದ ಮೇಲಿನ ಗೊಂಬೆಯೊಡನೆ ರಾಣಿ ಮಾತನಾಡುವ ಸಂದರ್ಭವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕೇಳುವವರಿಲ್ಲದ ಹೆಂಗಸು ಗೋಡೆಗೆ, ಗೊಂಬೆಗೆ, ಒಲೆಗೆ ತನ್ನ ದುಃಖವನ್ನು ಹೇಳಿಕೊಳ್ಳುವುದು ಜನಪದ ಕಥೆಗಳ ಪ್ರಸಿದ್ಧ ಆಶಯ. ಅದು ಹುಚ್ಚಲ್ಲ, ಬದುಕುಳಿಯುವ ಉಪಾಯ.

ಈ ಶೂನ್ಯದೊಳಕ್ಕೆ ಮೊದಲು ಪ್ರವೇಶಿಸುವವಳು ಕುರುಡವ್ವ (ಬಿ. ಜಯಶ್ರೀ), ಮಗ ಕಪ್ಪಣ್ಣನ (ಮಂಡ್ಯ ರಮೇಶ್) ಆಸರೆಯಲ್ಲಿ. ಆಕೆ ರಕ್ತಸಂಬಂಧಿಯಲ್ಲ, ಆದರೂ ಇಲ್ಲದ ಅತ್ತೆಯ ಜಾಗದಲ್ಲಿ ನಿಂತು, ಅತ್ತೆ ಮಾಡದ ಕೆಲಸವನ್ನು ಮಾಡುತ್ತಾಳೆ. ಗಂಡನನ್ನು ಒಲಿಸಿಕೊಳ್ಳುವ ಬೇರನ್ನು ಒಬ್ಬ ಹೆಂಗಸು ಇನ್ನೊಬ್ಬಳ ಕೈಗೆ ದಾಟಿಸುವುದು ಹೆಂಗಸರ ಜ್ಞಾನಪರಂಪರೆಯೊಂದರ ರೂಪಕ. ಕುರುಡವ್ವನಿಗೆ ಕಣ್ಣಿಲ್ಲ, ಆದರೆ ಆ ಮನೆಯ ಸ್ಥಿತಿಯನ್ನು ಊರಿನಲ್ಲಿ ಕಂಡವಳು ಆಕೆಯೊಬ್ಬಳೇ.

ಬೇರು ತೇಯ್ದು ಬೆರೆಸಿದ ಅಡುಗೆಯನ್ನು ರಾಣಿ ಭಯದಿಂದ ಹುತ್ತಕ್ಕೆ ಸುರಿಯುತ್ತಾಳೆ. ಕಥಾದೃಷ್ಟಿಯಿಂದ ಇದು ಆಕಸ್ಮಿಕ. ಆಚರಣೆಯ ದೃಷ್ಟಿಯಿಂದ ಆಕಸ್ಮಿಕವಲ್ಲ. ನಾಗರಪಂಚಮಿಯಂದು ಸಂತಾನವನ್ನು, ಮನೆತನದ ಏಳಿಗೆಯನ್ನು ಬೇಡಿ ಮುತ್ತೈದೆಯರು ಹುತ್ತಕ್ಕೆ ಹಾಲೆರೆಯುತ್ತಾರೆ. ಕುಟುಂಬವನ್ನು ಉಳಿಸುವ ವ್ರತವೂ ಕುಟುಂಬವನ್ನು ಮುರಿಯುವ ಪ್ರಸಂಗವೂ ಒಂದೇ ಕೈಚಲನೆಯಿಂದ ಆರಂಭವಾಗುತ್ತವೆ ಎಂಬುದು ಗಮನಾರ್ಹ. ಉತ್ತರ ಕರ್ನಾಟಕದಲ್ಲಿ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುತ್ತಾನೆ. ಜೋಕಾಲಿ, ಉಂಡಿ, ಗೆಳತಿಯರ ಸಹವಾಸ ಆಕೆಗೆ ಮತ್ತೆ ದೊರೆಯುತ್ತವೆ. ಅಂದರೆ ಜನಪದರ ಮನಸ್ಸಿನಲ್ಲಿ ನಾಗ ಸಂತಾನದ ದೈವ ಮಾತ್ರವಲ್ಲ, ತವರಿನ ದಾರಿಯನ್ನು ತೆರೆಯುವ ದೈವವೂ ಹೌದು. ತವರಿಗೆ ಕರೆಯಲು ಯಾರೂ ಬಾರದ ರಾಣಿಯ ಮನೆಗೆ ನಾಗನೇ ಬರುತ್ತಾನೆ.

ನಾಟಕದಲ್ಲಿ ನಾಗಪ್ಪನ ಮೊದಲ ರಾತ್ರಿಯ ಮಾತನ್ನು ನೆನೆಯಬಹುದು. ಆತ ರಾಣಿಯ ತಾಯಿ ತಂದೆಯರನ್ನು ಕುರಿತು ಕೇಳುತ್ತಾನೆ. ಅವರು ಆಕೆಯನ್ನು ಹೇಗೆ ಮುದ್ದಿಸುತ್ತಿದ್ದರೆಂದು ವಿಚಾರಿಸುತ್ತಾನೆ. ಆಕೆಯ ದೇಹವನ್ನು ಬಯಸುವ ಮೊದಲು ಆಕೆಯ ಬಾಲ್ಯವನ್ನು ಆಲಿಸುತ್ತಾನೆ. ಹಗಲಿನ ಅಪ್ಪಣ್ಣ ಆಜ್ಞಾಪಿಸುವವನು, ಇರುಳಿನ ನಾಗಪ್ಪ ಕಿವಿಗೊಡುವವನು. ಈ ಎರಡೂ ಪಾತ್ರಗಳನ್ನು ಚಿತ್ರದಲ್ಲಿ ಒಬ್ಬನೇ ನಟ ನಿರ್ವಹಿಸಿರುವುದರಿಂದ ಅಂತರವು ಮುಖದಲ್ಲಿ ಕಾಣದೆ ನಡೆಯಲ್ಲಿ, ದನಿಯಲ್ಲಿ, ನೋಟದಲ್ಲಿ ಕಾಣುತ್ತದೆ. ಬೇರೊಬ್ಬ ಗಂಡಸು ಬಂದ ಎನ್ನುವುದಕ್ಕಿಂತ, ಗಂಡನಾದವನು ಹೀಗೂ ಇರಬಹುದಾಗಿತ್ತು ಎನ್ನುವ ಅರಿವೇ ಪ್ರೇಕ್ಷಕರನ್ನು ಕಾಡುತ್ತದೆ.

ಹಾಗಾದರೆ ರಾಣಿಗೆ ಗೊತ್ತಿತ್ತೇ? ಇಂಥದೇ ವಸ್ತುವುಳ್ಳ ಮತ್ತೊಂದು ಚಿತ್ರದೊಡನೆ ಹೋಲಿಸಿದರೆ ಈ ಪ್ರಶ್ನೆ ಸ್ಪಷ್ಟವಾಗುತ್ತದೆ. ವಿಜಯದಾನ್ ದೇಥಾ ಅವರ ರಾಜಸ್ಥಾನಿ ಕಥೆಯನ್ನು ಆಧರಿಸಿದ ಮಣಿ ಕೌಲ್ ಅವರ ‘ದುವಿಧಾ’ (1973) ಚಿತ್ರದಲ್ಲಿ ವ್ಯಾಪಾರಕ್ಕೆಂದು ದೂರ ಹೋದ ಗಂಡನ ರೂಪದಲ್ಲಿ ಭೂತ ಬರುತ್ತದೆ. ಆದರೆ ತಾನು ಯಾರೆಂಬುದನ್ನು ಅದು ವಧುವಿಗೆ ಮೊದಲೇ ತಿಳಿಸುತ್ತದೆ. ಆಕೆ ತಿಳಿದೇ ಒಪ್ಪುತ್ತಾಳೆ. ‘ನಾಗಮಂಡಲ’ದಲ್ಲಿ ಇಂಥ ಒಪ್ಪಂದವಿಲ್ಲ. ಆದರೆ ಹಗಲು ಇರುಳುಗಳ ನಡುವಣ ವ್ಯತ್ಯಾಸವನ್ನು ರಾಣಿ ಗಮಿಸದೆ ಇಲ್ಲ. ನಾಟಕದಲ್ಲಿ ಆಕೆ ಕನ್ನಡಿಯಲ್ಲಿ ಹಾವಿನ ಪ್ರತಿಬಿಂಬವನ್ನೂ ಕಾಣುತ್ತಾಳೆ. ಕೇಳಬಾರದೆಂದು ನಾಗಪ್ಪ ವಿಧಿಸಿದ ಪ್ರಶ್ನೆಗಳನ್ನು ಆಕೆ ಕೇಳುವುದಿಲ್ಲ. ಇದನ್ನು ಮುಗ್ಧತೆ ಎಂದಷ್ಟೇ ಕರೆದರೆ ಸಾಲದು. ದೊರೆತ ಸುಖವನ್ನು ಪ್ರಶ್ನೆಯಿಂದ ಕಳೆದುಕೊಳ್ಳಬಾರದೆಂಬ ಎಚ್ಚರವೂ ಈ ಮೌನದಲ್ಲಿದೆ. ‘ದುವಿಧಾ’ದ ವಧುವಿನ ಆಯ್ಕೆ ಮಾತಿನಲ್ಲಿದೆ, ರಾಣಿಯ ಆಯ್ಕೆ ಮೌನದಲ್ಲಿದೆ.

ಈ ಮೌನ ಮುರಿಯುವುದು ಪಂಚಾಯತಿಯ ಮುಂದೆ. ರಾಣಿ ಬಸುರಿಯಾದಾಗ ಅಪ್ಪಣ್ಣ ಆಕೆಯನ್ನು ಊರ ಮುಂದೆ ನಿಲ್ಲಿಸುತ್ತಾನೆ. ಆತನ ಪರಸ್ತ್ರೀ ಸಂಬಂಧ ಊರಿಗೆ ತಿಳಿದದ್ದೇ, ಆದರೂ ಯಾರೂ ಆತನನ್ನು ಪ್ರಮಾಣಕ್ಕೆ ಕರೆಯುವುದಿಲ್ಲ. ಇದು ಕಥೆಯ ಊರಿನ ನ್ಯಾಯ ಮಾತ್ರವಲ್ಲ. ವಿವಾಹಿತ ಪುರುಷನು ಅವಿವಾಹಿತ ಸ್ತ್ರೀಯೊಡನೆ ಇಟ್ಟುಕೊಂಡ ಸಂಬಂಧವು ಭಾರತೀಯ ದಂಡಸಂಹಿತೆಯ 497ನೆಯ ಕಲಮಿನ ವ್ಯಾಪ್ತಿಗೂ ಬರುತ್ತಿರಲಿಲ್ಲ. ಹೆಂಡತಿಯನ್ನು ಗಂಡನ ಸೊತ್ತಿನಂತೆ ಕಂಡ ಆ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ರದ್ದುಪಡಿಸಿತು.

ಹುತ್ತದಲ್ಲಿ ಕೈಯಿಟ್ಟು, ಗಂಡನನ್ನೂ ಈ ನಾಗರವನ್ನೂ ಬಿಟ್ಟು ಬೇರಾವ ಗಂಡು ಜೀವವನ್ನೂ ಮುಟ್ಟಿಲ್ಲವೆಂದು ರಾಣಿ ನುಡಿಯುವ ಪ್ರಮಾಣ ಅಕ್ಷರಶಃ ಸತ್ಯ. ಜಾನಪದ ವಿದ್ವಾಂಸರು ಇದನ್ನು ದ್ವಂದ್ವಾರ್ಥದ ಪ್ರಮಾಣವೆಂಬ ಆಶಯವಾಗಿ ಗುರುತಿಸುತ್ತಾರೆ. ಯುರೋಪಿನ ಟ್ರಿಸ್ಟನ್ ಮತ್ತು ಇಸೋಲ್ಡೆಯರ ಕಥೆಯಲ್ಲಿಯೂ ಅದು ಇದೆ. ಅಲ್ಲಿ ಇಸೋಲ್ಡೆ ತಿಳಿದೇ ಮಾತನ್ನು ಹೆಣೆಯುತ್ತಾಳೆ. ಇಲ್ಲಿ ರಾಣಿ ಎಷ್ಟನ್ನು ತಿಳಿದು ನುಡಿದಳೆಂಬುದು ತೆರೆದೇ ಉಳಿಯುತ್ತದೆ. ಊರು ಆಕೆಯ ಮಾತಿನಲ್ಲಿ ಪಾತಿವ್ರತ್ಯವನ್ನು ಕೇಳಿಸಿಕೊಂಡು ಆಕೆಯನ್ನು ದೇವಿಯಾಗಿಸುತ್ತದೆ. ಕಥೆ ಕೇಳುವ ಹೆಂಗಸರು ಅದೇ ಮಾತಿನಲ್ಲಿ ಬೇರೊಂದನ್ನು ಕೇಳಿಸಿಕೊಳ್ಳುತ್ತಾರೆ. ಒಂದೇ ವಾಕ್ಯವು ಎರಡು ಸಮುದಾಯಗಳಿಗೆ ಎರಡು ಅರ್ಥ ಕೊಡುವುದರಲ್ಲಿ ಈ ಕಥೆಯ ಶಕ್ತಿಯಿದೆ.

ಚಿತ್ರದ ಒಂದು ಮಿತಿಯನ್ನೂ ಇಲ್ಲಿ ಹೇಳಬೇಕು. ಮೌಖಿಕ ಕಥೆಯಲ್ಲಿ ಗಂಡನಿಗೂ ಹಾವಿಗೂ ಮುಖವಿಲ್ಲ. ಕೇಳುಗಳು ತನ್ನ ಮನಸ್ಸಿನಲ್ಲಿ ಅವರನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬಲ್ಲಳು. ಪರದೆಯ ಮೇಲೆ ಇಬ್ಬರಿಗೂ ಒಂದೇ ಮುಖ. ನಾಗಪ್ಪನಿಗೆ ಪ್ರೇಕ್ಷಕರು ಕೊಟ್ಟ ಪ್ರೀತಿಯನ್ನು ಅಪ್ಪಣ್ಣ ಅನಾಯಾಸವಾಗಿ ಪಡೆದುಬಿಡುತ್ತಾನೆ. ಆತ ತೆರಬೇಕಾದ ಬೆಲೆಯನ್ನು ಹಾವು ತೆತ್ತಂತಾಗುತ್ತದೆ. ನಾಟಕದಲ್ಲಿ ರಾಣಿ ಇದನ್ನು ಮರೆಯುವುದಿಲ್ಲ. ಸತ್ತ ಹಾವಿಗೆ ತನ್ನ ಮಗನೇ ಬೆಂಕಿಯಿಡಬೇಕು, ವರ್ಷವರ್ಷವೂ ಶ್ರಾದ್ಧ ಮಾಡಬೇಕು ಎಂದು ಗಂಡನ ಮುಂದೆಯೇ ಕೇಳಿಕೊಳ್ಳುತ್ತಾಳೆ. ಶ್ರಾದ್ಧ ಮಾಡುವುದು ತಂದೆಗೆ. ಬಾಯಿಬಿಟ್ಟು ಹೇಳದ ಸಂಬಂಧವನ್ನು ಆಕೆ ವಿಧಿಯ ಮೂಲಕ ಮನೆತನದೊಳಗೆ ದಾಖಲಿಸುತ್ತಾಳೆ, ಅಪ್ಪಣ್ಣ ಒಪ್ಪುತ್ತಾನೆ.

ಒಟ್ಟಾರೆ ಹೇಳುವುದಾದರೆ, ರಾಣಿ ತಪ್ಪಿದಳೇ ಎಂಬುದು ಪಂಚಾಯತಿಯ ಪ್ರಶ್ನೆ. ಅವಳ ಮಾತನ್ನು ಯಾರು ಕೇಳಿಸಿಕೊಂಡರು ಎಂಬುದು ಹೆಂಗಸರ ಕಥೆಯ ಪ್ರಶ್ನೆ. ವಿಮರ್ಶೆಯು ಎರಡನೆಯ ಪ್ರಶ್ನೆಯಿಂದ ಹೊರಟಾಗ ಮಾತ್ರ ‘ನಾಗಮಂಡಲ’ದ ಸಂಬಂಧಗಳು ತಮ್ಮ ನಿಜವಾದ ಸ್ವರೂಪದಲ್ಲಿ ಗೋಚರಿಸುತ್ತವೆ.