ಖನಿಜಗಳ ನಿರ್ಣಾಯಕತ್ವ: ಒಂದು ಲಕ್ಷಣಪರೀಕ್ಷೆ

ಅಮೆರಿಕದ ಕೊಲರಾಡೊ ಗಣಿವಿದ್ಯಾಶಾಲೆಯಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ಖನಿಜಾರ್ಥಶಾಸ್ತ್ರಜ್ಞ ರಾಡರಿಕ್ ಎಗರ್ಟ್ ಎಂಬವರ ಅಧ್ಯಕ್ಷತೆಯಲ್ಲಿ ಸಿದ್ಧವಾಗಿ, 2008ನೆಯ ಇಸವಿಯಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನ ಮಂಡಲಿಯಿಂದ ಪ್ರಕಟವಾದ ವರದಿಯು, ಖನಿಜನೀತಿಯನ್ನು ಕುರಿತು ಆ ಮೇಲೆ ಬೆಳೆದ ಚರ್ಚೆಗೆ ಸೂತ್ರಪ್ರಾಯವಾಗಿ ನಿಂತಿದೆ. ನಮ್ಮ ಪತ್ರಿಕೆಯಲ್ಲಿ ಇದರ ಪ್ರಸ್ತಾಪವೇಕೆಂದು ವಾಚಕರು ಕೇಳಬಹುದು. ವಿಷಯವು ಪದಾರ್ಥನಿರ್ಣಯದ್ದು, ಆದುದರಿಂದ ನಮ್ಮದೂ ಹೌದು.

ಖನಿಜವೊಂದು ನಿರ್ಣಾಯಕವೆನಿಸಲು ಬಳಕೆಯಲ್ಲಿ ಅದರ ಮಹತ್ತ್ವ, ಪೂರೈಕೆಗೆ ಭಂಗ ಬಂದೀತೆಂಬ ಶಂಕೆ, ಇವೆರಡೂ ಕೂಡಿರಬೇಕೆಂಬುದು ವರದಿಯ ಮತ. ಪರೀಕ್ಷೆಗೆತ್ತಿಕೊಂಡ 11 ಖನಿಜವರ್ಗಗಳಲ್ಲಿ ತಾಮ್ರದ ಮಹತ್ತ್ವವು ನಿರ್ವಿವಾದವಾದರೂ, ಪೂರೈಕೆಯ ಭಯವು ಅಲ್ಪವಾದುದರಿಂದ ಅದು ಮೇಲಿನ ಪಂಕ್ತಿಗೆ ಸೇರಲಿಲ್ಲ. ಮ್ಯಾಂಗನೀಸು ಸೇರಿತು. ನಮ್ಮ ಸಂಡೂರಿನ ಗುಡ್ಡಗಳಲ್ಲಿ ಅಗೆಯುವ ಈ ವಸ್ತು ಉಕ್ಕಿನ ತಯಾರಿಕೆಗೆ ಅನಿವಾರ್ಯವಾಗಿದ್ದು, ಅಮೆರಿಕವು ಅದಕ್ಕಾಗಿ ಪರದೇಶಗಳನ್ನೇ ನೆಚ್ಚಿಕೊಂಡಿದೆ. ಹೀಗಿರಲು ನಮ್ಮಲ್ಲಿ ಕೆಲವರು ಇವನ್ನು "ಅಪರೂಪದ ಖನಿಜಗಳು" ಎನ್ನುವುದು ದುಷ್ಟಲಕ್ಷಣ: ಮ್ಯಾಂಗನೀಸಿನಲ್ಲಿ ಅವ್ಯಾಪ್ತಿ, ಚಿನ್ನದಲ್ಲಿ ಅತಿವ್ಯಾಪ್ತಿ.

ಪರತ್ವಾಪರತ್ವಗಳು ಅಪೇಕ್ಷಾಬುದ್ಧಿಯಿಂದ ಹುಟ್ಟುವುವೆಂದು ವೈಶೇಷಿಕರು ಹೇಳುವರಷ್ಟೆ. ನಿರ್ಣಾಯಕತ್ವವೂ ಅಂತಹುದೇ; ರೂಪರಸಗಳಂತೆ ಅದಿರಿನೊಳಗೆ ಇರತಕ್ಕದ್ದಲ್ಲ. ಅದೇ ತಾಮ್ರವು ಭಾರತದ 2023ರ 30 ಖನಿಜಗಳ ಪಟ್ಟಿಯಲ್ಲಿದೆ. 2025ರಲ್ಲಿ ಅಮೆರಿಕದ ಪಟ್ಟಿಗೂ ಬಂದಿತು. "ನಿರ್ಣಾಯಕ" ಎಂಬ ಮಾತು ಈಗ ರೂಢವಾಗಿರುವುದರಿಂದ ಅದನ್ನು ತೆಗೆಯೆನ್ನಲಾರೆವು. ಆದರೆ "ಇಂಥವರಿಗೆ" ಎಂಬ ಚತುರ್ಥ್ಯಂತಪದದ ಆಕಾಂಕ್ಷೆಯು ಅದಕ್ಕೆ ಎಂದಿಗೂ ತಪ್ಪದು. ಅನುವಾದಕರು ಇದನ್ನು ಮರೆತರೆ ವಿದ್ಯಾರ್ಥಿಗಳು ಸಂಬಂಧವನ್ನೇ ಗುಣವೆಂದು ಕಲಿಯುವರು.

2010ರಲ್ಲಿ ಚೀನವು ವಿರಳಮೃತ್ತಿಕಾಧಾತುಗಳ ರಫ್ತನ್ನು ಬಿಗಿಗೊಳಿಸಲು, ಮರುವರ್ಷ ಅವುಗಳ ಬೆಲೆ ಮಿತಿಮೀರಿ ಏರಿ, ಅನಂತರ ಕುಸಿಯಿತು. ಬದಲಿ ದ್ರವ್ಯಗಳನ್ನೂ ಪುನರ್ಬಳಕೆಯ ಮಾರ್ಗಗಳನ್ನೂ ಅರಸುವುದಕ್ಕಾಗಿ 2013ರಲ್ಲಿ ಅಲ್ಲಿ ಸ್ಥಾಪಿತವಾದ ಸಂಶೋಧನ ಸಂಸ್ಥೆಯ ಉಪನಿರ್ದೇಶಕತ್ವವನ್ನೂ ಎಗರ್ಟರು ವಹಿಸಿದರು. ರಸಾಯನಜ್ಞರ ನಡುವೆ ಅರ್ಥಶಾಸ್ತ್ರಜ್ಞನಿಗೆ ಪೀಠ ದೊರೆತುದು ಉಚಿತವೇ ಸರಿ. ಬೆಲೆಯ ಏರಿಳಿತವನ್ನು ಮೂಸೆಯಲ್ಲಿ ಕರಗಿಸಿ ನೋಡುವಂತಿಲ್ಲವಲ್ಲ!

ವರದಿಯಲ್ಲಿ ನಮಗೆ ಒಪ್ಪಿಗೆಯಾಗದ ಅಂಶವೊಂದುಂಟು. ಭೂವಿಜ್ಞಾನ, ತಂತ್ರ, ಪರಿಸರ-ಸಮಾಜ, ರಾಜಕೀಯ, ಅರ್ಥ ಎಂದು ಲಭ್ಯತೆಗೆ ಐದು ಅಂಗಗಳನ್ನು ಅದು ಹೇಳುತ್ತದೆ. ಗಣಿಯ ಮಗ್ಗುಲಲ್ಲಿ ಬಾಳುವ ಜನರು ಮೂರನೆಯ ಅಂಗದಲ್ಲಿ ಅಡಗಿದ್ದಾರೆ. ಅಲ್ಲಿಯೂ ಪೂರೈಕೆಗೆ ಒದಗಬಹುದಾದ ವಿಘ್ನವಾಗಿಯೇ ಹೊರತು, ಅಪೇಕ್ಷಾಬುದ್ಧಿಗೆ ಆಶ್ರಯರಾಗಿ ಅಲ್ಲ. ಆ ಊರಿನ ಕೆರೆಯ ನೀರು ಯಾರಿಗೆ ನಿರ್ಣಾಯಕವೆಂಬುದನ್ನು ತೋರಿಸುವ ಅಕ್ಷವು ಆ ಕೋಷ್ಟಕದಲ್ಲಿ ಇಲ್ಲ.