ಯಾರ ಪರವಾಗಿ ಕ್ಷಮೆ? ವೀಸೆಂತಾಲರ ‘ದಿ ಸನ್‌ಫ್ಲವರ್’ ಕೃತಿಯ ಮರುಓದು

ಸೈಮನ್ ವೀಸೆಂತಾಲರ ‘ದಿ ಸನ್‌ಫ್ಲವರ್’ 1969ರಲ್ಲಿ ಮೊದಲು ಪ್ರಕಟವಾದಂದಿನಿಂದ ಕ್ಷಮೆಯ ಕುರಿತ ಚರ್ಚೆಗಳಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತ ಬಂದಿದೆ. ನಮ್ಮ ಗುರುಮಠಗಳಲ್ಲಿ ಅದನ್ನು ಓದಿದವರು ವಿರಳ; ಓದಿದವರೂ ಬಹುಮಟ್ಟಿಗೆ ಅದರ ಕೊನೆಯ ಪ್ರಶ್ನೆಯನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ.

ಕಥನ ಚಿಕ್ಕದು. ಲೆಂಬರ್ಗಿನ ಶಿಬಿರದ ಯೆಹೂದ್ಯ ಕೈದಿ ಸೈಮನ್‌ನನ್ನು ಸೇನಾ ಆಸ್ಪತ್ರೆಯೊಂದಕ್ಕೆ ದುಡಿಮೆಗೆ ಒಯ್ಯುತ್ತಾರೆ. ದಾದಿಯೊಬ್ಬಳು ಅವನನ್ನು ಸಾವಿನಂಚಿನಲ್ಲಿದ್ದ ಎಸ್‌ಎಸ್ ಸೈನಿಕ ಕಾರ್ಲ್‌ನ ಹಾಸಿಗೆಯ ಬಳಿಗೆ ಕರೆತರುತ್ತಾಳೆ. ಯೆಹೂದ್ಯರನ್ನು ಮಕ್ಕಳ ಸಮೇತ ಮನೆಯೊಂದರಲ್ಲಿ ತುಂಬಿ ಬೆಂಕಿಯಿಟ್ಟು, ಹೊರಗೆ ಹಾರಿದವರಿಗೆ ಗುಂಡಿಟ್ಟ ಕೃತ್ಯದಲ್ಲಿ ತಾನೂ ಇದ್ದೆನೆಂದು ಕಾರ್ಲ್ ನಿವೇದಿಸಿ ಕ್ಷಮೆ ಬೇಡುತ್ತಾನೆ. ಸೈಮನ್ ಮಾತಿಲ್ಲದೆ ಹೊರಬರುತ್ತಾನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂಬುದು ಲೇಖಕರ ಪ್ರಶ್ನೆ. ಅನೇಕ ಚಿಂತಕರ ಉತ್ತರಗಳು ಕೃತಿಯ ಎರಡನೆಯ ಭಾಗ.

ಈ ಪ್ರಶ್ನೆಯಲ್ಲೇ ಕೃತಿಯ ದೌರ್ಬಲ್ಯವೂ ಅಡಗಿದೆ ಎಂಬುದು ನನ್ನ ಅಭಿಪ್ರಾಯ. ಕೊಂದವನು ಹಾಸಿಗೆಯಲ್ಲಿದ್ದಾನೆ, ವಿಚಾರಣೆ ನಡೆಯುವುದು ಮಾತ್ರ ಕೈದಿಯ ಮೇಲೆ. ಕಾರ್ಲ್ ದಾದಿಗೆ ಹೇಳಿದ್ದು ಯಾರಾದರೊಬ್ಬ ಯೆಹೂದ್ಯನನ್ನು ಕರೆತರಲು. ಒಬ್ಬ ಯೆಹೂದ್ಯನ ಬದಲು ಇನ್ನೊಬ್ಬ ನಡೆದೀತು ಎಂಬ ಎಣಿಕೆ, ಆ ಮನೆಗೆ ಬೆಂಕಿಯಿಡುವಾಗ ಇದ್ದ ಎಣಿಕೆಗಿಂತ ಎಷ್ಟು ದೂರ? ಅವನ ಪಶ್ಚಾತ್ತಾಪ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಇನ್ನೂ ಅಪಕ್ವವಾಗಿತ್ತು.

ಗುರುಅಭ್ಯರ್ಥಿಗಳು ನಿಧಾನವಾಗಿ ಓದಬೇಕಾದ ಪುಟಗಳು ಬೋಲೆಕ್‌ನವು. ಸೈಮನ್‌ನ ಸಹಕೈದಿಯಾದ ಈ ಪೋಲಿಷ್ ಯುವಕ ಗುರುದೀಕ್ಷೆಗೆ ಸಿದ್ಧನಾಗುತ್ತಿದ್ದವನು. ಕಾರ್ಲ್‌ನಿಂದ ಅನ್ಯಾಯಕ್ಕೊಳಗಾದವರು ಸತ್ತಿದ್ದಾರೆ, ಅವನಿಗೆ ಬೇಡಲು ಬೇರಾರೂ ಇರಲಿಲ್ಲ, ಪಶ್ಚಾತ್ತಾಪ ನಿಜವಾಗಿತ್ತು, ಆದ್ದರಿಂದ ಕ್ಷಮಿಸಬೇಕಿತ್ತು: ಇದು ಅವನ ವಾದ. ನಮ್ಮ ತರಗತಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಕೊಡುವ ಉತ್ತರವೂ ಇದೇ. ಪಶ್ಚಾತ್ತಾಪವನ್ನು ಗುರುತಿಸುವುದರಲ್ಲಿ ಬೋಲೆಕ್ ಸರಿ. ಆದರೆ ‘ಆದ್ದರಿಂದ’ ಎಂಬ ಪದವನ್ನು ಅವನು ದುಡಿದು ಗಳಿಸಿಲ್ಲ. ಚರ್ಚೆ ಮುಂದುವರಿದಂತೆ ಅವನೂ ಅಳುಕುತ್ತಾನೆ, ಸೈಮನ್‌ನೂ ಅಳುಕುತ್ತಾನೆ. ಇಬ್ಬರ ಅಳುಕನ್ನೂ ದಾಖಲಿಸಿರುವುದು ವೀಸೆಂತಾಲರ ಪ್ರಾಮಾಣಿಕತೆ.

ಶುಭಸಂದೇಶ ಏನೆನ್ನುತ್ತದೆ? ಮತ್ತಾಯನ 18ನೆಯ ಅಧ್ಯಾಯದಲ್ಲಿ ಪೇತ್ರನು ಕೇಳುವುದು ತನಗೇ ತಪ್ಪು ಮಾಡಿದ ಸಹೋದರನ ವಿಷಯ. ಅನಂತರದ ಸಾಮತಿಯಲ್ಲಿ ಅರಸನು ಮನ್ನಿಸುವ 10,000 ತಲೆಂತುಗಳು ಅವನಿಗೇ ಬರಬೇಕಿದ್ದ ಸಾಲ. ಆಳು ಮನ್ನಿಸದೆ ಹೋದ 100 ದೆನಾರಿಗಳೂ ಅವನಿಗೇ ಸಲ್ಲಬೇಕಿದ್ದವು. ಒಂದು ತಲೆಂತಿಗೆ 6,000 ದೆನಾರಿಗಳೆಂದು ಹಿಡಿದರೆ, ಪಡೆದ ಕ್ಷಮೆ ಕೊಡಬೇಕಿದ್ದ ಕ್ಷಮೆಯ ಆರು ಲಕ್ಷ ಪಟ್ಟು. ಈ ಅಗಾಧ ಅಂತರವನ್ನು ನಾವು ಪ್ರಬೋಧನೆಗಳಲ್ಲಿ ಚೆನ್ನಾಗಿಯೇ ವಿವರಿಸುತ್ತೇವೆ. ಆದರೆ ಆ ಸಾಮತಿಯಲ್ಲಿ ಯಾರೂ ಇನ್ನೊಬ್ಬನ ಸಾಲವನ್ನು ಮನ್ನಾ ಮಾಡುವುದಿಲ್ಲ. ಅದನ್ನು ಹೇಳುವುದು ಅಪರೂಪ.

ಬೋಲೆಕ್ ಗುರುವಾಗಿದ್ದು, ಬಾಲ್ಯದಲ್ಲಿ ಕಥೋಲಿಕನಾಗಿ ಬೆಳೆದ ಕಾರ್ಲ್ ಅವನನ್ನೇ ಕರೆಸಿದ್ದರೆ? ಪಾಪವಿಮೋಚನೆ ನೀಡಬಹುದಿತ್ತು, ನೀಡಲೇಬೇಕಿತ್ತು. ಎಲ್ಲ ಪಾಪವೂ ದೇವರಿಗೆ ವಿರುದ್ಧವಾದದ್ದು. ಗುರುವು ಆ ದೇವರ ಹೆಸರಿನಲ್ಲಿ ವಿಮೋಚಿಸುತ್ತಾನೆ. ನಾತಾನನು ದಾವೀದನಿಗೆ ದೇವರ ಕ್ಷಮೆಯನ್ನು ಸಾರಿದ. ಊರೀಯನ ಪರವಾಗಿ ಏನನ್ನೂ ಹೇಳಲಿಲ್ಲ. ಟ್ರೆಂಟ್ ಮಹಾಸಭೆ ವಿಮೋಚನೆಯ ಜೊತೆಗೆ ಪ್ರಾಯಶ್ಚಿತ್ತವನ್ನೂ ಎತ್ತಿಹಿಡಿದದ್ದು, ಜಕ್ಕಾಯನು ನಾಲ್ಕರಷ್ಟು ಹಿಂದಿರುಗಿಸಲು ಮುಂದಾದದ್ದು ಸಂಸ್ಕಾರದ ಹೊರಗಿನ ಅಲಂಕಾರಗಳಲ್ಲ. ಸತ್ತವರ ಕ್ಷಮೆಯ ಪ್ರಶ್ನೆ ಅಂತಿಮ ನ್ಯಾಯತೀರ್ಪಿನವರೆಗೆ ತೆರೆದೇ ಇರುತ್ತದೆ. ಹದಿನಾರನೆಯ ಬೆನೆಡಿಕ್ಟರು 2007ರ ‘ಸ್ಪೆ ಸಾಲ್ವಿ’ ವಿಶ್ವಪತ್ರದಲ್ಲಿ, ಏನೂ ನಡೆದೇ ಇಲ್ಲವೆಂಬಂತೆ ಕೊಂದವನು ಕೊಲೆಯಾದವನ ಪಕ್ಕದಲ್ಲಿ ನಿತ್ಯೌತಣಕ್ಕೆ ಕುಳಿತುಕೊಳ್ಳುವುದಿಲ್ಲ ಎಂದಿರುವುದು ಇದೇ ಅರ್ಥದಲ್ಲಿ.

ಇದು ಕೇವಲ ಪುಸ್ತಕದ ಜಗಳವಲ್ಲ. ಗಂಡನಿಂದ ಹೊಡೆತ ತಿಂದ ಹೆಣ್ಣುಮಗಳು ಪಾಪನಿವೇದನೆಗೆ ಬಂದಾಗ, ಕ್ಷಮಿಸಮ್ಮಾ ಎಂದು ಒಂದೇ ಮಾತಿನಲ್ಲಿ ಕಳುಹಿಸುವ ಗುರುವು ಬೋಲೆಕ್‌ನ ಮೊದಲ ವಾದವನ್ನೇ ಪುನರುಚ್ಚರಿಸುತ್ತಿದ್ದಾನೆ, ಅದೂ ಹೊಡೆದವನು ಪಶ್ಚಾತ್ತಾಪಪಡುವ ಮೊದಲೇ. ಕ್ಷಮಿಸುವಂತೆ ಕ್ರಿಸ್ತರು ಅವಳನ್ನು ಕರೆಯುತ್ತಾರೆ, ನಿಜ. ಶಿಲುಬೆಯ ಮೇಲೆ ಕೊಲೆಗಾರರಿಗಾಗಿ ಪ್ರಾರ್ಥಿಸಿದವರು ಸ್ವತಃ ಗಾಯಗೊಂಡವರು. ಆ ಕರೆಯನ್ನು ಕೊಡುವ ಅಧಿಕಾರ ಅವರಿಗಿದೆ. ಅವಳ ಬದಲಿಗೆ ಸಹಿ ಹಾಕುವ ಅಧಿಕಾರ ನಮಗಿಲ್ಲ.

ಸೈಮನ್‌ನ ಮೌನವನ್ನು ನಿರಾಕರಣೆಯೆಂದು ಓದುವ ವಿಮರ್ಶಕರು ಒಂದನ್ನು ಕಡೆಗಣಿಸುತ್ತಾರೆ. ಅವನು ಕೊನೆಯವರೆಗೂ ಕುಳಿತು ಕೇಳಿದ. ಸಾಯುತ್ತಿದ್ದವನ ಬಳಿ ಸುಳಿದ ನೊಣವನ್ನು ಓಡಿಸಿದ. ಯುದ್ಧದ ನಂತರ ಕಾರ್ಲ್‌ನ ತಾಯಿಯನ್ನು ಕಂಡಾಗ, ಮಗ ಒಳ್ಳೆಯವನೆಂಬ ಅವಳ ನಂಬಿಕೆಯನ್ನು ಒಡೆಯಲಿಲ್ಲ. ಇದಕ್ಕೆ ಕ್ಷಮೆಯೆಂದು ಹೆಸರಿಡಲಾರೆ. ದ್ವೇಷವೆಂದೂ ಹೇಳಲಾರೆ.

1997ರ ವಿಸ್ತೃತ ಆವೃತ್ತಿಯಲ್ಲಿ ಉತ್ತರಗಳ ಗುಂಪು ಕಥನವನ್ನೇ ಮುಚ್ಚಿಬಿಡುತ್ತದೆ. ತರಗತಿಗೆ ಕಥನವನ್ನೂ, ರಬ್ಬಿ ಹೆಶೆಲ್ ಮತ್ತು ವಂದನೀಯ ಹೆಸ್‌ಬರ್ಗ್ ಅವರ ಉತ್ತರಗಳನ್ನೂ ಕೊಟ್ಟರೆ ಸಾಕು. ಮೊದಲನೆಯವರು ಇತರರ ಪರವಾಗಿ ಕ್ಷಮಿಸಲಾಗದೆನ್ನುತ್ತಾರೆ. ಎರಡನೆಯವರ ಗುರುಮನಸ್ಸು ಕ್ಷಮೆಯತ್ತಲೇ ವಾಲುತ್ತದೆ. ವಿದ್ಯಾರ್ಥಿಗಳು ಎರಡನೆಯವರನ್ನು ಬೇಗ ಒಪ್ಪುತ್ತಾರೆ. ಮೊದಲನೆಯವರಿಗೆ ಒಂದು ವಾರ ಹೆಚ್ಚು ಕೊಡಬೇಕು.