ಟಿ-ಪರೀಕ್ಷೆಯೂ ಸ್ಪ್ರೆಡ್‌ಶೀಟೂ: ಒಂದು ವಿಮರ್ಶೆ

ಆರೋಗ್ಯ ಸಂಬಂಧವಾದ ಪ್ರಯೋಗಗಳ ಅಂಕಿಗಳನ್ನು ಸ್ಪ್ರೆಡ್‌ಶೀಟಿನಲ್ಲಿ ತುಂಬಿ, ಟಿ-ಪರೀಕ್ಷೆಯ ಸೂತ್ರವನ್ನು ಒಂದು ಸೆಲ್ಲಿನಲ್ಲಿ ಬರೆದು, ಬಂದ ಉತ್ತರವನ್ನು ಹಾಗೆಯೇ ಪ್ರಬಂಧಕ್ಕೆ ಇಳಿಸುವುದುಂಟು. ಗಣನೆಯ ಶ್ರಮ ತಪ್ಪಿದ್ದು ಸಂತೋಷವೇ ಸರಿ; ಅದರೊಡನೆ ವಿವೇಚನೆಯೂ ತಪ್ಪಿಹೋಗಬಾರದೆಂಬುದಷ್ಟೆ ನಮ್ಮ ಆಕ್ಷೇಪ. ಈ ಪರೀಕ್ಷೆಯ ಮೂಲ ಲೇಖನದಲ್ಲಿರುವ ಉದಾಹರಣೆಯಿಂದಲೇ ಇದನ್ನು ತೋರಿಸಬಹುದು.

ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಸೀಲಿ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಿಂದ 'ಬಯೊಮೆಟ್ರಿಕಾ' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಕುಶ್ನಿ ಮತ್ತು ಪೀಬಲ್ಸ್ 1905ರಲ್ಲಿ ಪ್ರಕಟಿಸಿದ್ದ ನಿದ್ರೌಷಧಗಳ ಪ್ರಯೋಗವನ್ನು ಎತ್ತಿಕೊಂಡನು. ಹತ್ತು ಮಂದಿ ರೋಗಿಗಳಲ್ಲಿ ಒಬ್ಬೊಬ್ಬರಿಗೂ ಎರಡು ಔಷಧಗಳನ್ನೂ ಬೇರೆಬೇರೆ ರಾತ್ರಿಗಳಲ್ಲಿ ಕೊಡಲಾಗಿತ್ತು. ಹೆಚ್ಚಿದ ನಿದ್ರೆಯ ಸರಾಸರಿ ಮೊದಲನೆಯದರಿಂದ 0.75 ಗಂಟೆ, ಎರಡನೆಯದರಿಂದ 2.33 ಗಂಟೆ, ಅಂತರ 1.58 ಗಂಟೆ.

ಈ ಇಪ್ಪತ್ತು ಅಂಕಿಗಳನ್ನು ಎರಡು ಕಂಬಸಾಲುಗಳಲ್ಲಿ ಬರೆದು ಎಕ್ಸೆಲ್‌ನ ಟಿ.ಟೆಸ್ಟ್ ಸೂತ್ರಕ್ಕೆ ಒಪ್ಪಿಸಿದರೆ, ಅದು ಕೊನೆಯಲ್ಲಿ ಒಂದು ಅಂಕೆಯನ್ನು ಕೇಳುತ್ತದೆ: ಜೋಡಿ ಅಳತೆಗಳಿಗೆ 1, ಸಮಾನ ಚದರಿಕೆಯ ಎರಡು ಗುಂಪುಗಳಿಗೆ 2, ಅಸಮಾನ ಚದರಿಕೆಯವಕ್ಕೆ 3. ಎರಡು ಬದಿಯ ಪರೀಕ್ಷೆಯಲ್ಲಿ 1 ಎಂದು ಬರೆದರೆ ಸಂಭವನೀಯತೆ 0.0028, 2 ಅಥವಾ 3 ಎಂದರೆ ಸುಮಾರು 0.079. ರೂಢಿಯ 0.05ರ ಎಲ್ಲೆಯನ್ನು ಹಿಡಿದವನು ಒಂದೆಡೆ ವ್ಯತ್ಯಾಸ ಸಿದ್ಧವಾಯಿತೆಂದೂ, ಇನ್ನೊಂದೆಡೆ ಸಿದ್ಧವಾಗಲಿಲ್ಲವೆಂದೂ ಬರೆಯಬೇಕಾಗುತ್ತದೆ. ಅಂಕಿಗಳು ಮಾತ್ರ ಅವೇ.

ಇದರ ಕಾರಣ ಸ್ಪಷ್ಟವಾಗಿದೆ. ಎರಡನೆಯ ಔಷಧದಿಂದಲೇ ಒಬ್ಬನಿಗೆ 5.5 ಗಂಟೆ ನಿದ್ರೆ ಹೆಚ್ಚಿತು, ಮತ್ತೊಬ್ಬನಿಗೆ 0.1 ಗಂಟೆ ಕಡಮೆಯಾಯಿತು. ಮನುಷ್ಯ ಮನುಷ್ಯರ ನಡುವಣ ಈ ದೊಡ್ಡ ಭೇದದಲ್ಲಿ ಔಷಧಗಳ ಭೇದ ಮುಳುಗಿಹೋಗುತ್ತದೆ. ಒಬ್ಬನನ್ನು ಅವನೊಡನೆಯೇ ಹೋಲಿಸಿದಾಗ, ಒಂಬತ್ತು ಮಂದಿಗೆ ಎರಡನೆಯ ಔಷಧವೇ ಮೇಲು, ಒಬ್ಬನಿಗೆ ಎರಡೂ ಸಮ ಎಂಬುದು ಕಾಣುತ್ತದೆ. ಸಾಲಿನ ಎರಡು ಅಂಕಿಗಳೂ ಒಬ್ಬನವೇ ಎಂಬುದನ್ನು ಪ್ರಯೋಗ ಮಾಡಿದವನು ಬಲ್ಲನೇ ಹೊರತು ಯಂತ್ರವು ಅರಿಯದು. ಬೇರೆ ಬೇರೆ ಜನರ ಎರಡು ಗುಂಪುಗಳಿಗೆ 1 ಎಂದು ಬರೆದರೂ, ಎಣಿಕೆ ಸಮನಾಗಿದ್ದರೆ, ಅದು ಆಕ್ಷೇಪಿಸದೆ ಉತ್ತರ ಕೊಡುತ್ತದೆ. ಒಂದು ಕಂಬಸಾಲನ್ನು ಮಾತ್ರ ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ಜೋಡಿಗಳೆಲ್ಲ ಕಲಸಿಹೋಗುತ್ತವೆ. ಆಗಲೂ ಸೂತ್ರವು ಆಕ್ಷೇಪಿಸುವುದಿಲ್ಲ.

ಸ್ಟೂಡೆಂಟನ ಲೇಖನದಲ್ಲಿ ಔಷಧಗಳ ಹೆಸರುಗಳೇ ತಪ್ಪಾಗಿ ಅಚ್ಚಾಗಿವೆಯೆಂದು ಮುಂದಿನ ವಿದ್ವಾಂಸರು ತೋರಿಸಿದ್ದಾರೆ. ಗಣಿತವು ಎಷ್ಟು ಶುದ್ಧವಾಗಿದ್ದರೂ ಶಿರೋನಾಮೆಯ ದೋಷವನ್ನು ತಿದ್ದಲಾರದು.

ಆದುದರಿಂದ ವಿದ್ಯಾರ್ಥಿಯು ಅಂಕಿಗಳನ್ನು ನೋಡುವ ಮುನ್ನವೇ ಮೂರು ಸಂಗತಿಗಳನ್ನು ಬರೆದಿಡುವಂತೆ ಅಧ್ಯಾಪಕರು ವಿಧಿಸುವುದು ಯುಕ್ತ: ಅಳತೆಗೊಳಗಾಗುವವರು ಯಾರು, ಅಳತೆಗಳು ಜೋಡಿಯೋ ಅಲ್ಲವೋ, ಪರೀಕ್ಷೆ ಒಂದು ಬದಿಯದೋ ಎರಡು ಬದಿಯದೋ. ಪ್ರಬಂಧದಲ್ಲಿ ಸಂಭವನೀಯತೆಯೊಂದನ್ನೇ ಬರೆದು ನಿಲ್ಲದೆ, ಸರಾಸರಿ ಅಂತರವನ್ನೂ ಅದರ ಘಟಕವನ್ನೂ ಕೊಡಬೇಕು. ರೋಗಿಗೆ ಬೇಕಾದುದು 1.58 ಗಂಟೆಯ ನಿದ್ರೆ, 0.0028 ಅಲ್ಲ.